ಸೀರೆ ಮೊದಲೋ, ಚಿಕ್ಕಮ್ಮನ ಮನೆ ಊಟ ಮೊದಲೋ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ತಂಗಿಯ ಮದುವೆ ಜವಳಿಗೆ ಮನೆಮಂದಿಯೆಲ್ಲ ಒಂದು ದಿನ ಚಿಕ್ಕಮಗಳೂರಿಗೆ ಹೋಗಬೇಕೆಂದಿದ್ದೇವೆ. ಮಧ್ಯಾಹ್ನದ ಊಟಕ್ಕೆ ಮನೆಗೇ ಬರಬೇಕೆಂದು ಅಲ್ಲಿರುವ ಚಿಕ್ಕಮ್ಮ ಹಟ ಹಿಡಿದಿದ್ದಾರೆ. ಒಂದೇ ದಿನದಲ್ಲಿ ಎರಡೂ ಆಗುತ್ತದೆಯೇ? ಯಾವುದನ್ನು ಮೊದಲು ಇಟ್ಟುಕೊಳ್ಳಬೇಕು?

ಉತ್ತರ: ಖಂಡಿತ ಆಗುತ್ತದೆ. ಬೆಳಿಗ್ಗೆ ಸೀರೆ, ಒಂದೂವರೆಗೆ ಊಟ, ಊಟದ ಮೇಲೆ ಚಿಲ್ಲರೆ ಸಾಮಾನು. ಮೊದಲು ಚಿಕ್ಕಮ್ಮನ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಹೊರಡೋಣ ಎಂದುಕೊಂಡರೆ ಕೆಲಸ ಕೆಟ್ಟಿತು. ತಿಂಡಿ ತಿನ್ನಿಸದೆ ಕಳಿಸುವ ಮನೆ ನಮ್ಮ ಕಡೆ ಯಾವುದಿದೆ? ಅಲ್ಲೇ ಹನ್ನೊಂದೂವರೆ ಆಗುತ್ತದೆ. ಊಟ ಮುಗಿಸಿ ಸೀರೆಗೆ ಹೋಗುವುದಂತೂ ಬೇಡವೇ ಬೇಡ. ಹೊಟ್ಟೆ ತುಂಬಿದ ಮೇಲೆ ನೂರು ಸೀರೆ ಬಿಚ್ಚಿಸಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. 'ಯಾವುದೋ ಒಂದು ಆಗಲಿ' ಎಂಬ ಮಾತು ಬರುವುದು ಆಗಲೇ.

ಆದರೆ ನನಗೆ ಇದಕ್ಕಿಂತ ಮುಖ್ಯ ಎನಿಸುವುದು ಚಿಕ್ಕಮ್ಮನ ವಿಷಯ. ಇಂಥ ದಿನಗಳಲ್ಲಿ ಊಟಕ್ಕೆ ಕರೆದ ಮನೆಯ ಹೆಂಗಸು ಬೆಳಗಿನ ಜಾವಕ್ಕೇ ಎದ್ದು ಒಲೆ ಮುಂದೆ ನಿಲ್ಲುತ್ತಾಳೆ. ಒಂದು ಗಂಟೆಗೆ ಬರುತ್ತೇವೆಂದವರು ಮೂರಕ್ಕೆ ಬರುತ್ತಾರೆ. ಅಷ್ಟರಲ್ಲಿ ಸಾರು ಮತ್ತೆ ಮತ್ತೆ ಬಿಸಿಯಾಗಿರುತ್ತದೆ. ಅಕ್ಕನ ಮಗಳ ಧಾರೆ ಸೀರೆ ಆರಿಸುವಾಗ ಅವಳು ಅಲ್ಲಿರುವುದೇ ಇಲ್ಲ, ಕವರಿನಿಂದ ತೆಗೆದು ತೋರಿಸಿದಾಗ 'ಚೆನ್ನಾಗಿದೆ' ಎನ್ನಬೇಕು ಅಷ್ಟೆ. ಹಾಗಾಗಬಾರದು. ಅವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ.

ಅದಕ್ಕಾಗಿ ಎರಡು ದಿನ ಮುಂಚೆಯೇ ಫೋನ್ ಮಾಡಿ, ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ಸರಿಯಾಗಿ ಹೇಳಿ. ಅನ್ನ, ಒಂದು ಸಾರು, ಒಂದು ಪಲ್ಯ, ಮಜ್ಜಿಗೆ ಸಾಕು ಎಂದು ನಿಮ್ಮಮ್ಮನ ಬಾಯಿಂದಲೇ ಹೇಳಿಸಿ. ನೀವು ಹೇಳಿದರೆ ಅವರು ಕೇಳುವುದಿಲ್ಲ. ಕೋಳಿ ಸಾರೇ ಆಗಬೇಕೆಂದರೆ ಮಸಾಲೆಯನ್ನು ಹಿಂದಿನ ರಾತ್ರಿಯೇ ರುಬ್ಬಿಟ್ಟುಕೊಳ್ಳಲಿ. ಸಿಹಿ ನಿಮ್ಮ ಮನೆಯಿಂದ ಹೋಗಲಿ. ಬೇಳೆ ಹೋಳಿಗೆ ಹಿಂದಿನ ದಿನ ಮಾಡಿದರೂ ಕೆಡುವುದಿಲ್ಲ. ಜೊತೆಗೆ ತೋಟದ ಬಾಳೆಎಲೆ ಒಂದು ಕಟ್ಟು ಒಯ್ಯಿರಿ, ಅಷ್ಟೂ ಜನರ ತಟ್ಟೆ ತೊಳೆಯುವ ಕೆಲಸ ತಪ್ಪುತ್ತದೆ. ಅಂಗಡಿಯಲ್ಲಿ ತಡವಾಗುವಂತಿದ್ದರೆ ಮನೆಯಲ್ಲಿರುವ ಚಿಕ್ಕಪ್ಪನಿಗೆ ಹನ್ನೆರಡೂವರೆಗೇ ತಿಳಿಸಿ.

ದಿನ ಆರಿಸುವಾಗ ಶನಿವಾರ, ಭಾನುವಾರ ಬಿಡಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೊರಟ ಪ್ರವಾಸಿಗರ ಗಾಡಿಗಳು ಊರೊಳಗೆ ತುಂಬಿರುತ್ತವೆ. ಡಿಸೆಂಬರಿನ ದತ್ತ ಜಯಂತಿಯ ದಿನಗಳೂ ಬೇಡ. ಬಸ್ಸಿನಲ್ಲಿ ಹೋಗುವುದಾದರೆ ಹೆಂಗಸರೆಲ್ಲ ಆಧಾರ್ ಇಟ್ಟುಕೊಳ್ಳಲಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಉಚಿತ, ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ.

ಎಂ.ಜಿ. ರಸ್ತೆ, ಐ.ಜಿ. ರಸ್ತೆಯ ಜವಳಿ ಅಂಗಡಿಗಳಿಗೆ ಬಾಗಿಲು ತೆಗೆದ ಹೊತ್ತಿಗೇ ಹೋಗಿ. ಆಗ ಅಂಗಡಿಯವರಿಗೂ ಬಿಡುವಿರುತ್ತದೆ. ಎಲ್ಲರೂ ಒಳಗೆ ನುಗ್ಗಬೇಡಿ. ಮದುವಣಗಿತ್ತಿ, ಅಮ್ಮ, ಚಿಕ್ಕಮ್ಮ, ದುಡ್ಡು ಕೊಡುವವರೊಬ್ಬರು, ಇಷ್ಟೇ ಜನ ಸಾಕು. ಮಕ್ಕಳನ್ನು ಅಜ್ಜನ ಜೊತೆ ರತ್ನಗಿರಿ ಬೋರೆಯ ಉದ್ಯಾನಕ್ಕೆ ಕಳಿಸಿ.

ಧಾರೆ ಸೀರೆ ಮೊದಲು, ಉಡುಗೊರೆ ಸೀರೆಗಳು ಆಮೇಲೆ. ಯಾರಿಗೆ ಯಾವ ಬೆಲೆಯದು ಎಂಬುದನ್ನು ಮನೆಯಲ್ಲೇ ಬರೆದುಕೊಂಡು ಬನ್ನಿ, ಅಂಗಡಿಯಲ್ಲಿ ಕೂತು ಆ ಚರ್ಚೆ ಮಾಡಿದರೆ ಬೇಜಾರುಗಳೇ ಹುಟ್ಟುತ್ತವೆ. ಒಪ್ಪಿದ ಸೀರೆಯನ್ನು ಬಾಗಿಲ ಹತ್ತಿರ ಬಿಸಿಲ ಬೆಳಕಿಗೆ ತಂದು ನೋಡಿ. ಒಳಗಿನ ದೀಪದಲ್ಲಿ ಕಂಡ ಮೆರೂನ್ ಹೊರಗೆ ಬೇರೆಯೇ ಬಣ್ಣವಾಗಿರಬಹುದು. ರೇಷ್ಮೆಯಾದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಬಹಳ ಜನ ಇಲ್ಲೇ ಎಡವುತ್ತಾರೆ: ಆ ಚೀಟಿ ಖಾತ್ರಿ ಕೊಡುವುದು ನೂಲು ಶುದ್ಧ ರೇಷ್ಮೆ ಎಂಬುದಕ್ಕೆ ಮಾತ್ರ, ಜರಿಗಲ್ಲ. ಜರಿ ಬೆಳ್ಳಿಯದೋ, ತಾಮ್ರದ್ದೋ, ಬರೀ ಪ್ಲಾಸ್ಟಿಕ್ ಎಳೆಯೋ ಎಂದು ಬೇರೆಯಾಗಿ ಕೇಳಿ, ಬಿಲ್ಲಿನಲ್ಲೂ ಬರೆಸಿ. ರವಿಕೆ ಕಣ ಸೇರಿದೆಯೇ ಎಂದೂ ಅಳತೆ ಹಾಕಿಸಿ. ಸೀರೆ ಸುಮಾರು ಐದೂವರೆ ಮೀಟರ್, ಕಣ 80 ಸೆಂಟಿಮೀಟರ್.

ಚಿನ್ನವನ್ನು ಅದೇ ದಿನಕ್ಕೆ ಸೇರಿಸಬೇಡಿ. ಅದಕ್ಕೆ ಬೇರೆ ದಿನ, ಬೇರೆ ಗಮನ ಬೇಕು.

ಊಟವಾದ ಮೇಲೆ ಹೆಚ್ಚು ಯೋಚಿಸಬೇಕಿಲ್ಲದ್ದನ್ನು ತೆಗೆದುಕೊಳ್ಳಿ: ಅರಿಶಿನ ಕುಂಕುಮ, ಬಳೆ, ಲಂಗದ ಬಟ್ಟೆ, ಫಾಲ್. ಕಾಫಿ ಪುಡಿ ಮನೆಗೆ ಬೇಕಾದಷ್ಟೇ ಸಾಕು. ಮದುವೆಗೆಂದು ಈಗಲೇ ಕೊಂಡಿಟ್ಟರೆ ಅಷ್ಟು ಹೊತ್ತಿಗೆ ಘಮ ಹೋಗಿರುತ್ತದೆ. ಪೊಟ್ಟಣದ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಓದಿ. ಬೆರಕೆ ಪುಡಿಯಲ್ಲೂ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ.

ಚಿಕ್ಕಮ್ಮನಿಗೆ ಕೊಡುವ ಸೀರೆಯನ್ನು ಮದುವೆವರೆಗೆ ಮುಚ್ಚಿಡಬೇಡಿ. ಬೆಳಿಗ್ಗೆ ಅಂಗಡಿಯಲ್ಲೇ ಅವರ ಕೈಯಲ್ಲೇ ಆರಿಸಿ. ಬದಲಿಸಿಕೊಡಲು ಎಷ್ಟು ದಿನ ಅವಕಾಶ ಎಂದು ಕೇಳಿಕೊಂಡು, ಊರಲ್ಲಿ ಉಳಿದವರೆಲ್ಲ ನೋಡುವವರೆಗೆ ಯಾವ ಸೀರೆಯ ಕಣವನ್ನೂ ಕತ್ತರಿಸಬೇಡಿ.