ಸುಂಕ ಕಟ್ಟಿದ್ದು ಮಂಗಳೂರಿನಲ್ಲಿ, ಭಾರ ಬಿದ್ದದ್ದು ಘಟ್ಟದ ಮೇಲೆ

ಕಾಫಿ ರಫ್ತಿನ ಕಾಗದಪತ್ರ ಮಾಡಿಸುವುದು ನನ್ನ ಕೆಲಸ. ಹಾಸನ, ಚಿಕ್ಕಮಗಳೂರಿನಲ್ಲಿ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಿಂದ ಹೊರಟ ಮೂಟೆ ಕಂಟೇನರ್ ಸೇರಿ ಮಂಗಳೂರಿನ ಪಣಂಬೂರು ಬಂದರು ಮುಟ್ಟುವ ತನಕ ಬೇಕಾದ ದಾಖಲೆಗಳೆಲ್ಲ ನಮ್ಮ ಮೇಜಿನ ಮೇಲೆ ಹಾದು ಹೋಗುತ್ತವೆ. ಹುರಿಯದ ಕಾಫಿ ಬೀಜಕ್ಕೆ ಈಗ ರಫ್ತು ಸುಂಕ ಇಲ್ಲ. ಹಿಂದೆ ಇತ್ತು ಅಂತ ಹೇಳಿದರೆ ಮೂಡಿಗೆರೆ, ಸಕಲೇಶಪುರ ಕಡೆಯ ಬೆಳೆಗಾರರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಇದ್ದರೆ ಇರಲಿ ಬಿಡ್ರೀ, ಕಟ್ಟೋದು ರಫ್ತುದಾರ ಅಲ್ವಾ? ನಮಗೇನು?"

ಕಟ್ಟುವವನು ರಫ್ತುದಾರನೇ. ಆದರೆ ಅವನು ಲೆಕ್ಕ ಹಾಕುವುದು ಹಿಂದಿನಿಂದ. ರೊಬಸ್ಟಾಕ್ಕೆ ಲಂಡನ್ ಬೆಲೆ, ಅರೇಬಿಕಾಕ್ಕೆ ನ್ಯೂಯಾರ್ಕ್ ಬೆಲೆ. ಅದನ್ನು ಅವನು ಬದಲಾಯಿಸಲಾರ. ಅಲ್ಲಿಂದ ಹಡಗಿನ ಬಾಡಿಗೆ, ವಿಮೆ, ಬಂದರಿನ ಖರ್ಚು, ಕ್ಯೂರಿಂಗ್, ಲಾರಿ ಬಾಡಿಗೆ, ತನ್ನ ಲಾಭ ಎಲ್ಲ ಕಳೆಯುತ್ತಾ ಬರುತ್ತಾನೆ. ಕೊನೆಗೆ ಉಳಿದದ್ದೇ 50 ಕೆಜಿ ಮೂಟೆಗೆ ನಿಮಗೆ ಹೇಳುವ ರೇಟು. ನಡುವೆ ಸುಂಕ ಅಂತ ಒಂದು ಸಾಲು ಸೇರಿದರೆ ಅದೂ ಕಳೆಯುವ ಪಟ್ಟಿಗೇ ಹೋಗುತ್ತದೆ. ಈ ಲೆಕ್ಕ ಹೊಸದಲ್ಲ. ಮಂಗಳೂರು ಬಂದರಿನ ಸುಂಕದ ಇತಿಹಾಸ ತೆರೆದರೆ ಉದ್ದಕ್ಕೂ ಇದೇ ಕಾಣುತ್ತದೆ.

ಇನ್ನೊಂದು ವಿಷಯವೂ ಕಾಣುತ್ತದೆ. ಬಂದರಿನ ಸುಂಕಕ್ಕಿಂತ ಬಂದರಿಗೆ ಹೋಗುವ ದಾರಿಯ ಸುಂಕವೇ ಜನರನ್ನು ಜಾಸ್ತಿ ಹಿಂಡಿತು.

ದಾರಿ ಸುಂಕ ನಮ್ಮಲ್ಲಿ ಬಹಳ ಹಳೆಯದು. ಹೊಯ್ಸಳರ ಕಾಲದ ಶಾಸನಗಳಲ್ಲೇ ಹೆಜ್ಜುಂಕ, ವಡ್ಡರಾವುಳ ಅಂತ ಸುಂಕಗಳ ಹೆಸರು ಬರುತ್ತವೆ. ಬ್ರಿಟಿಷರ ಕಾಲದ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಇದಕ್ಕೆ ಸಾಯರ್ ಅನ್ನುತ್ತಿದ್ದರು. ಉಕ್ಕಡ ಅನ್ನುವ ಸುಂಕದ ಕಟ್ಟೆಗಳಲ್ಲಿ ಸರಕು ಇಳಿಸಿ, ತೂಗಿ, ಸುಂಕ ಕೊಟ್ಟು ಮುಂದೆ ಹೋಗಬೇಕು. ವಸೂಲಿಯನ್ನು ಸರ್ಕಾರ ತಾನೇ ಮಾಡದೆ ಗುತ್ತಿಗೆಗೆ ಕೊಡುತ್ತಿತ್ತು. ಗುತ್ತಿಗೆದಾರ ಮೊದಲೇ ಒಂದು ಮೊತ್ತಕ್ಕೆ ಒಪ್ಪಿರುತ್ತಾನೆ. ಅದರ ಮೇಲೆ ಸಿಕ್ಕಿದ್ದೆಲ್ಲ ಅವನದು. ಹಾಗಾಗಿ ಅದೇ ಅಡಿಕೆ ಮೂಟೆ, ಅದೇ ಮೆಣಸಿನ ಚೀಲ ಒಂದು ಉಕ್ಕಡ ದಾಟಿ ಇನ್ನೊಂದಕ್ಕೆ ಹೋದರೆ ಮತ್ತೆ ಕೊಡಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ.

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. ಮಾರ್ಕ್ ಕಬ್ಬನ್ ಕಾಲದಲ್ಲಿ ಇಂಥ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದಾಗ ಪಟ್ಟಿ 769ಕ್ಕೆ ಮುಟ್ಟಿತ್ತು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ. ಒಂದು ಹಳ್ಳಿಯವರು ಇನ್ನೂ ವಿಚಿತ್ರವಾದ ತೆರಿಗೆ ಕೊಡುತ್ತಿದ್ದರು. ಯಾವುದೋ ಕಾಲದಲ್ಲಿ ಪಾಳೇಗಾರನ ಕುದುರೆ ತಪ್ಪಿಸಿಕೊಂಡಾಗ ಅವರ ಹಿರಿಯರು ಅದನ್ನು ಹುಡುಕಿಕೊಡಲಿಲ್ಲ, ಅದಕ್ಕೆ! ನಗರ ಸೀಮೆಯ (ಈಗಿನ ಶಿವಮೊಗ್ಗ ಕಡೆ) ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯದಿದ್ದರೂ ತೆರಿಗೆ ಇತ್ತು. ಒಂದು ಸಲ ಶುರುವಾದ ವಸೂಲಿಯನ್ನು ಗುತ್ತಿಗೆದಾರ ತಾನಾಗಿ ಯಾಕೆ ಬಿಡುತ್ತಾನೆ?

ಕಾಫಿಯ ಕಥೆ ಸ್ವಲ್ಪ ಬೇರೆ. ಬಾಬಾಬುಡನ್‌ಗಿರಿಯ ಮೇಲಿನ ಕಾಫಿಯಲ್ಲಿ ಮೊದಲಿಗೆ ಸರ್ಕಾರದ ಪಾಲು ಅರ್ಧ. ಹೌದು, ಸರಿ ಅರ್ಧ. 1820ರ ದಶಕದಲ್ಲಿ ಆ ಪಾಲನ್ನು ಮದ್ರಾಸಿನ ಪ್ಯಾರಿ ಕಂಪನಿ ಗುತ್ತಿಗೆಗೆ ಹಿಡಿದಿತ್ತು. ಅರ್ಧ ಬೆಳೆ ಕೊಡಬೇಕು ಅಂದರೆ ಯಾರು ತೋಟ ಹೆಚ್ಚಿಸುತ್ತಾರೆ? ಬೆಳೆದದ್ದನ್ನು ರಾತ್ರೋರಾತ್ರಿ ಸಾಗಿಸುವ ಆಸೆಯೂ ಹುಟ್ಟುತ್ತದೆ. ಆಮೇಲೆ ಪಾಲಿನ ಪದ್ಧತಿ ಬಿಟ್ಟು ತೂಕದ ಮೇಲೆ ಹಾಲತ್ ಅನ್ನುವ ತೆರಿಗೆ ಹಾಕಿದರು. ಮೊದಲು ಮಣಕ್ಕೆ ಒಂದು ರೂಪಾಯಿ ಇದ್ದದ್ದು ಇಳಿಯುತ್ತಾ 1849ರ ಹೊತ್ತಿಗೆ ನಾಲ್ಕಾಣೆಗೆ ಬಂತು. ಮೈಸೂರಿನ ಮಣ ಚಿಕ್ಕದು, ಈಗಿನ 12 ಕೆಜಿ ಆಸುಪಾಸು. ನಮ್ಮ 50 ಕೆಜಿ ಮೂಟೆಗೆ ಹೋಲಿಸಿದರೆ ಸುಮಾರು ನಾಲ್ಕು ರೂಪಾಯಿಯಿಂದ ಒಂದು ರೂಪಾಯಿಗೆ ಇಳಿದ ಹಾಗೆ.

ಆ ಇಳಿಕೆ ತೋಟಗಳ ಮೇಲೆ ಎಷ್ಟು ಪರಿಣಾಮ ಮಾಡಿತು ಅನ್ನುವುದು ಕಾಲವನ್ನು ನೋಡಿದರೆ ಗೊತ್ತಾಗುತ್ತದೆ. ಯುರೋಪಿಯನ್ ಬೆಳೆಗಾರ ಥಾಮಸ್ ಕ್ಯಾನನ್ ಚಿಕ್ಕಮಗಳೂರಿನ ಹತ್ತಿರ ತೋಟ ಹಾಕಿದ್ದು 1830ರ ಸುಮಾರಿಗೆ. ಇನ್ನೊಬ್ಬ ಬೆಳೆಗಾರ ಫ್ರೆಡರಿಕ್ ಗ್ರೀನ್ ಸಕಲೇಶಪುರ ಕಡೆಯ ಮಂಜರಾಬಾದಿನಲ್ಲಿ ಶುರು ಮಾಡಿದ್ದು 1843ರಲ್ಲಿ. ದೊಡ್ಡ ಪ್ರಮಾಣದಲ್ಲಿ ಕಾಡು ಕಡಿದು ಗಿಡ ನೆಟ್ಟಿದ್ದೆಲ್ಲ ಅದರ ನಂತರ. ಸುಂಕ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಲಂಡನ್ನಿನಲ್ಲಿ ಬೆಲೆ ಇತ್ತು, ಘಟ್ಟದ ರಸ್ತೆಗಳು ಆಗುತ್ತಿದ್ದವು. ಆದರೆ ಅರ್ಧ ಪಾಲಿನ ಕಾಲದಲ್ಲಿ ಯಾವ ಬೆಳೆಗಾರನೂ ಆ ಧೈರ್ಯ ಮಾಡುತ್ತಿರಲಿಲ್ಲ. ಮುಂದೆ ಹಾಲತ್ ಹೋಗಿ ಎಕರೆ ಲೆಕ್ಕದ ಕಂದಾಯ ಬಂತು. ಇದರಲ್ಲೂ ಒಂದು ಸಿಕ್ಕು ಇದೆ. ತೂಕದ ತೆರಿಗೆ ಫಸಲು ಬಂದರೆ ಮಾತ್ರ. ಎಕರೆ ತೆರಿಗೆ ಫಸಲು ಹೋದರೂ ಕಟ್ಟಬೇಕು. 1860ರ ದಶಕದಲ್ಲಿ ಕಾಂಡಕೊರಕ ಹುಳು ತೋಟಗಳನ್ನು ತಿಂದುಹಾಕಿತ್ತು. ಅಂಥ ವರ್ಷಗಳಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಏನು ಅಂತ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಘಟ್ಟ ಇಳಿಯೋಣ. ಚಾರ್ಮಾಡಿ ಇಳಿದ ಸರಕು ಬಂಟ್ವಾಳಕ್ಕೆ ಬಂದು, ಅಲ್ಲಿಂದ ನೇತ್ರಾವತಿಯಲ್ಲಿ ದೋಣಿ ಹತ್ತಿ ಮಂಗಳೂರು ಸೇರುತ್ತಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಘಟ್ಟದ ಮೇಲೂ ಕೆಳಗೂ ಒಬ್ಬರದೇ ಆಡಳಿತ. ಟಿಪ್ಪು ಮೆಣಸು, ಗಂಧ, ಏಲಕ್ಕಿಯ ವ್ಯಾಪಾರವನ್ನು ಸರ್ಕಾರದ ಕೈಯಲ್ಲೇ ಇಟ್ಟುಕೊಂಡಿದ್ದ. ಮಸ್ಕತ್‌ನಲ್ಲಿ ಕೋಠಿ (ವ್ಯಾಪಾರದ ಮಳಿಗೆ) ಇಟ್ಟು, ಅಲ್ಲಿ ತನ್ನ ಸರಕಿಗೆ ಸುಂಕದ ರಿಯಾಯಿತಿಗೂ ಮಾತಾಡಿಸಿದ್ದ. ಅದಕ್ಕೂ ಮೊದಲು ಪೋರ್ಚುಗೀಸರದು ಇನ್ನೊಂದು ದಾರಿ. ನೆಲದ ಮೇಲೆ ರಾಜ್ಯ ಇಲ್ಲದಿದ್ದರೂ ಕಡಲಿನ ಮೇಲೆ ಅವರದೇ ವಸೂಲಿ. ಅವರಿಂದ ಕಾರ್ತಾಜ್ ಅನ್ನುವ ರಹದಾರಿ ಪಡೆಯದ ಹಡಗನ್ನು ಹಿಡಿಯುತ್ತಿದ್ದರು. ಪಡೆದ ಹಡಗು ಅವರ ಬಂದರಿಗೆ ಹೋಗಿ ಅಲ್ಲಿ ಸುಂಕ ಕಟ್ಟಬೇಕಿತ್ತು. ಕರಾವಳಿಯ ಅರಸರಿಂದ ಅಕ್ಕಿಯನ್ನು ಕಪ್ಪವಾಗಿಯೂ ವಸೂಲಿ ಮಾಡಿದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂಗಳೂರು ಸೇರಿದ ಕರಾವಳಿಯ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಮೈಸೂರು ಒಡೆಯರಿಗೆ ಬಂತು. ಮೈಸೂರಿಗೆ ಕಡಲೇ ಇಲ್ಲದಂತಾಯಿತು. ನಮ್ಮ ಮಲೆನಾಡಿನ ಪಾಲಿಗೆ ಇದು ದೊಡ್ಡ ಬದಲಾವಣೆ. ಬೆಳೆ ಇಲ್ಲಿ, ಬಂದರು ಬೇರೆ ಖಜಾನೆಯಲ್ಲಿ. ಘಟ್ಟದ ಮೇಲೆ ಮೈಸೂರಿನ ಸಾಯರ್, ಕೆಳಗೆ ಮದ್ರಾಸ್ ಪ್ರಾಂತ್ಯದ ಒಳನಾಡು ಸುಂಕ, ಆಮೇಲೆ ಬಂದರಿನ ಸುಂಕ. ಬಂಗಾಳದಲ್ಲಿ 1836ರಲ್ಲೇ ಒಳನಾಡು ಸುಂಕ ತೆಗೆದರು. ಮದ್ರಾಸ್ ಪ್ರಾಂತ್ಯದಲ್ಲಿ ಅದು ಹೋಗಲು 1844 ಆಗಬೇಕಾಯಿತು. ಒಂದು ಬ್ರಿಟಿಷ್ ಬಂದರಿನಿಂದ ಇನ್ನೊಂದಕ್ಕೆ, ಅಂದರೆ ಮಂಗಳೂರಿನಿಂದ ಮುಂಬೈಗೆ ಹೋಗುವ ಸರಕಿನ ಮೇಲಿನ ಸುಂಕ ಹೋದದ್ದು 1848ರಲ್ಲಿ.

ಆ ಬಂದರಿನಲ್ಲಿ ಏನೇನು ಏರುತ್ತಿತ್ತು, ಏನು ಇಳಿಯುತ್ತಿತ್ತು? 1801ರಲ್ಲಿ ಬಂದಿದ್ದ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಪಟ್ಟಿ ಕೊಟ್ಟಿದ್ದಾನೆ. ಮಸ್ಕತ್, ಮುಂಬೈ, ಗೋವಾಕ್ಕೆ ಅಕ್ಕಿ. ಮುಂಬೈ, ಸೂರತ್, ಕಚ್ ಕಡೆಗೆ ಅಡಿಕೆ. ಜೊತೆಗೆ ಮೆಣಸು, ಗಂಧ, ಅರಿಶಿನ. ಒಳಗೆ ಬರುವುದು ಬಟ್ಟೆ, ಉಪ್ಪು, ರೇಷ್ಮೆ. ಕಾಫಿ ದೊಡ್ಡದಾಗಿ ಸೇರಿಕೊಂಡದ್ದು ನಂತರ. ಹಡಗುಗಳು ನದಿಯ ಬಾಯಿಯ ಮರಳ ದಿಬ್ಬ ದಾಟಲಾರದೆ ಹೊರಗೇ ಲಂಗರು ಹಾಕುತ್ತಿದ್ದವು. ಸಣ್ಣ ದೋಣಿಗಳಲ್ಲಿ ಮೂಟೆ ಸಾಗಿಸಬೇಕು. ಮಳೆಗಾಲದ ತಿಂಗಳುಗಳಲ್ಲಿ ಬಂದರೇ ಬಂದ್. ನವೆಂಬರಿನಿಂದ ಮಾರ್ಚ್‌ವರೆಗೆ ಕೊಯ್ದ ಕಾಫಿ ಒಣಗಿ, ಘಟ್ಟ ಇಳಿದು, ಕ್ಯೂರಿಂಗ್ ಆಗಿ ಮೇ ಒಳಗೆ ಹಡಗು ಹತ್ತಬೇಕು. ಆಗದಿದ್ದರೆ ಸೆಪ್ಟೆಂಬರ್ ತನಕ ಗೋದಾಮಿನಲ್ಲಿ ಬಿದ್ದಿರುತ್ತದೆ, ಸಾಲದ ಬಡ್ಡಿ ಓಡುತ್ತಿರುತ್ತದೆ. ನನ್ನ ಅಂದಾಜು, ಎಷ್ಟೋ ವರ್ಷಗಳಲ್ಲಿ ಈ ಬಡ್ಡಿಯೇ ಸುಂಕಕ್ಕಿಂತ ದುಬಾರಿ ಆಗಿರಬೇಕು.

ಬಂದರಿನ ರಫ್ತು ಸುಂಕ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಕಾಫಿಗಿಂತ ಅಕ್ಕಿ ಒಳ್ಳೆಯ ಉದಾಹರಣೆ. 19ನೇ ಶತಮಾನದ ಮಧ್ಯದಲ್ಲಿ ಸಾಮಾನ್ಯ ರಫ್ತು ಸುಂಕ ನೂರಕ್ಕೆ ಮೂರು. ಒಂದೊಂದಾಗಿ ಸರಕುಗಳನ್ನು ಬಿಡುತ್ತಾ ಬಂದು, 1880ರ ಹೊತ್ತಿಗೆ ಅಕ್ಕಿ ಒಂದರ ಮೇಲೆ ಮಾತ್ರ ರಫ್ತು ಸುಂಕ ಉಳಿಯಿತು. ಮಣಕ್ಕೆ ಮೂರಾಣೆ. ಇದು ಸರ್ಕಾರಿ ದೊಡ್ಡ ಮಣ, ಸುಮಾರು 37 ಕೆಜಿ. ಗಮನಿಸಿ, ಇದು ಬೆಲೆಯ ಮೇಲಿನ ಸುಂಕ ಅಲ್ಲ, ತೂಕದ ಮೇಲಿನದು. ಲೆಕ್ಕಕ್ಕೆ ಅಂತ ಮಣಕ್ಕೆ ನಾಲ್ಕು ರೂಪಾಯಿಯ ಸಣ್ಣಕ್ಕಿ ತೆಗೆದುಕೊಳ್ಳಿ. ಮೂರಾಣೆ ಅಂದರೆ ನೂರಕ್ಕೆ ಐದಕ್ಕಿಂತ ಕಡಿಮೆ. ಎರಡು ರೂಪಾಯಿಯ ದಪ್ಪ ಅಕ್ಕಿಗೆ ಅದೇ ಮೂರಾಣೆ ನೂರಕ್ಕೆ ಒಂಬತ್ತು ದಾಟುತ್ತದೆ. ಅಗ್ಗದ ಮಾಲಿನ ಮೇಲೆ ಭಾರ ಜಾಸ್ತಿ. ಬೆಲೆ ಬಿದ್ದ ವರ್ಷ ಇನ್ನೂ ಜಾಸ್ತಿ, ಯಾಕೆಂದರೆ ಬೆಲೆ ಇಳಿದರೂ ಮೂರಾಣೆ ಇಳಿಯುವುದಿಲ್ಲ.

ಸರ್ಕಾರಕ್ಕೆ ತೂಕದ ಸುಂಕ ಯಾಕೆ ಇಷ್ಟ? ತಕ್ಕಡಿ ಇದ್ದರೆ ಸಾಕು. ಬೆಲೆಯ ಮೇಲಿನ ಸುಂಕವಾದರೆ ಮಾಲಿನ ನಿಜವಾದ ಬೆಲೆ ಎಷ್ಟು ಅನ್ನುವ ಜಗಳ ಶುರುವಾಗುತ್ತದೆ. ಆ ಜಗಳ ತಪ್ಪಿಸಲು ಎಷ್ಟೋ ಸರಕಿಗೆ ಸರ್ಕಾರವೇ ಒಂದು ಬೆಲೆ ಗೊತ್ತುಮಾಡಿ ಪಟ್ಟಿ ಹಾಕುತ್ತಿತ್ತು. ಇವತ್ತಿಗೂ ನಮ್ಮ ಕಚೇರಿಯಲ್ಲಿ ಅರ್ಧ ತಲೆನೋವು ಬೆಲೆ ನಿಗದಿಯದ್ದೇ.

ಹಾಗಾದರೆ ರಫ್ತು ಸುಂಕ ಯಾವಾಗಲೂ ಬೆಳೆಯುವವನ ಮೇಲೇ ಬೀಳುತ್ತದಾ? ಇಲ್ಲ. 1916ರಲ್ಲಿ ಸೆಣಬಿನ ಮೇಲೆ ಸುಂಕ ಹಾಕಿದಾಗ ಅದರ ದೊಡ್ಡ ಪಾಲು ಹೊರಗಿನ ಕೊಳ್ಳುವವರೇ ಕೊಟ್ಟರು ಅನ್ನಬಹುದು, ಯಾಕೆಂದರೆ ಬಂಗಾಳ ಬಿಟ್ಟರೆ ಸೆಣಬು ಬೇರೆಲ್ಲೂ ಅಷ್ಟು ಸಿಗುತ್ತಿರಲಿಲ್ಲ. ಕಾಫಿಗೆ ಆ ಬಲ ಯಾವತ್ತೂ ಇರಲಿಲ್ಲ. ಬ್ರೆಜಿಲ್, ಜಾವಾ, ಸಿಲೋನ್ ಎದುರಿಗೆ ಮೈಸೂರು ಕಾಫಿ ಎಷ್ಟರದು? ರುಚಿಗೆ ಹೆಸರಿತ್ತು, ಬೆಲೆ ಹೇಳುವ ಶಕ್ತಿ ಇರಲಿಲ್ಲ.

ಆಮದಿನ ಕಡೆ ರಾಜಕೀಯ ಇನ್ನೂ ಬಿಚ್ಚಿಟ್ಟದ್ದು. ಕಂಪನಿ ಕಾಲದಲ್ಲಿ ಬ್ರಿಟನ್ನಿನ ಬಟ್ಟೆಗೆ ನೂರಕ್ಕೆ ಐದು, ಬೇರೆ ದೇಶದ್ದಕ್ಕೆ ಅದರ ಎರಡರಷ್ಟು. 1857ರ ದಂಗೆಯ ಸಾಲ ತೀರಿಸಲು 1859ರಲ್ಲಿ ಸಾಮಾನ್ಯ ಸುಂಕವನ್ನು ಹತ್ತಕ್ಕೆ ಏರಿಸಿದರು. ಆಮೇಲೆ ಇಳಿಸಿದರು. ಕೊನೆಗೆ ಮ್ಯಾಂಚೆಸ್ಟರ್ ಗಿರಣಿಗಳ ಒತ್ತಾಯಕ್ಕೆ 1882ರಲ್ಲಿ ಉಪ್ಪು, ಮದ್ಯದಂಥವನ್ನು ಬಿಟ್ಟು ಉಳಿದ ಆಮದು ಸುಂಕವನ್ನೇ ತೆಗೆದರು. 1894ರಲ್ಲಿ ಖಜಾನೆ ಖಾಲಿಯಾದಾಗ ಮತ್ತೆ ಐದು. ಆದರೆ ಅದು ಮ್ಯಾಂಚೆಸ್ಟರಿಗೆ ಪೆಟ್ಟಾಗಬಾರದಲ್ಲ, ಅದಕ್ಕೆ 1896ರಲ್ಲಿ ವಿದೇಶಿ ಬಟ್ಟೆಗೆ ಮೂರೂವರೆ ಮಾಡಿ, ಇಲ್ಲಿನ ಗಿರಣಿ ಬಟ್ಟೆಗೂ ಅಷ್ಟೇ ಅಬಕಾರಿ ಸುಂಕ (ಇಲ್ಲಿ ತಯಾರಾದ ಮಾಲಿನ ಮೇಲಿನ ತೆರಿಗೆ) ಹಾಕಿದರು. ಅದು ಪೂರ್ತಿ ಹೋದದ್ದು 1926ರಲ್ಲಿ.

ನಾವು ಬಂದರಿನಲ್ಲಿ ಈಗಲೂ ಆಡುವ ಮಾತುಗಳು ಬಹಳಷ್ಟು 1878ರ ಸಮುದ್ರ ಸುಂಕ ಕಾಯ್ದೆಯಿಂದ ಬಂದವು. ಆಮದಾದ ಮಾಲನ್ನು ಹಾಗೇ ವಾಪಸ್ ಕಳಿಸಿದರೆ ಕಟ್ಟಿದ ಸುಂಕದ ಎಂಟರಲ್ಲಿ ಏಳು ಪಾಲು ಹಿಂದಿರುಗಿಸುವ ಡ್ರಾಬ್ಯಾಕ್ ಅದರಲ್ಲಿತ್ತು. ಈಗಿನ 1962ರ ಕಾಯ್ದೆಯಲ್ಲಿ ಅದು ನೂರಕ್ಕೆ 98. ಜರ್ಮನಿಯಿಂದ ತರಿಸಿದ ಬೀಜ ವಿಂಗಡಿಸುವ ಯಂತ್ರ ಸರಿಹೊಂದದೆ ವಾಪಸ್ ಕಳಿಸುವ ಕ್ಯೂರಿಂಗ್ ಮಾಲೀಕರಿಗೆ ಇದು ಕೆಲಸಕ್ಕೆ ಬರುತ್ತದೆ. ಯಂತ್ರ ಬಳಸಿದ್ದರೆ ಅಷ್ಟು ಸಿಗುವುದಿಲ್ಲ, ಅವಧಿ ಮೀರಿದರೆ ಏನೂ ಸಿಗುವುದಿಲ್ಲ. ಹಾಗಾಗಿ ಬಿಚ್ಚುವ ಮೊದಲೇ ಕೇಳಿ.

ಇಷ್ಟೆಲ್ಲ ಸುಂಕ ಯಾರ ಖಜಾನೆಗೆ? ಮೈಸೂರಿನ ಜನ ಕೊಂಡ ಬಟ್ಟೆ, ಸಕ್ಕರೆ, ಯಂತ್ರ, ಸೀಮೆಎಣ್ಣೆಯ ಸುಂಕ ಬಂದರಿನಲ್ಲೇ ಬ್ರಿಟಿಷ್ ಇಂಡಿಯಾಕ್ಕೆ ಹೋಗುತ್ತಿತ್ತು. ಮೈಸೂರು ಸರ್ಕಾರಕ್ಕೆ ಅದರಲ್ಲಿ ಪಾಲಿಲ್ಲ. ಮೊದಲ ಮಹಾಯುದ್ಧದ ನಂತರ 1921ರಲ್ಲಿ ಸಾಮಾನ್ಯ ಸುಂಕ ನೂರಕ್ಕೆ 11, ಮರುವರ್ಷ 15 ಆದಾಗ ಈ ಅಸಮಾಧಾನ ಜೋರಾಯಿತು. ಅದಕ್ಕೂ ಮೊದಲೇ ದಿವಾನ ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕು ಅಂತ ಹಟ ಹಿಡಿದದ್ದನ್ನು ಈ ಪಾಲಿಲ್ಲದ ಹಿನ್ನೆಲೆಯಲ್ಲೂ ನೋಡಬೇಕು. ಆ ಬಂದರು ಆಗಲಿಲ್ಲ. 1929ರಲ್ಲಿ, ಸಂಸ್ಥಾನಗಳ ವಿಷಯ ಪರಿಶೀಲಿಸಲು ಬ್ರಿಟಿಷರು ನೇಮಿಸಿದ್ದ ಬಟ್ಲರ್ ಸಮಿತಿ ಸುಂಕದಲ್ಲಿ ಪಾಲು ಕೇಳುವ ಸಂಸ್ಥಾನಗಳ ವಾದದಲ್ಲಿ ಹುರುಳಿದೆ ಅಂತ ಒಪ್ಪಿತು. ಒಪ್ಪಿದ್ದಷ್ಟೇ, ಹಣ ಬರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಸಂಸ್ಥಾನಗಳ ಹಣಕಾಸು ಕೇಂದ್ರದ ಜೊತೆ ಸೇರಿದಾಗ ಪ್ರಶ್ನೆಯೇ ಮುಗಿಯಿತು.

ಬೆಳೆಗಾರರ ಪ್ರಶ್ನೆಗೆ ಇನ್ನೊಂದು ಬಾಲ ಇದೆ. ನಮ್ಮ ದೇಶದಲ್ಲಿ ರಫ್ತು ಸುಂಕ ಇಲ್ಲ ಅಂದ ಮಾತ್ರಕ್ಕೆ ಆ ಕಡೆ ಬಂದರಿನಲ್ಲಿ ಇಲ್ಲ ಅಂತ ಅಲ್ಲ. ಯುರೋಪಿನ ಒಕ್ಕೂಟ ಹುರಿಯದ ಕಾಫಿಗೆ ಸುಂಕ ಹಾಕುವುದಿಲ್ಲ. ಹುರಿದ ಕಾಫಿಗೆ ಸಾಮಾನ್ಯ ದರ ನೂರಕ್ಕೆ 7.5. ಇನ್‌ಸ್ಟಂಟ್‌ಗೆ 9. ರಿಯಾಯಿತಿ ಇರುವ ದೇಶಗಳ ಲೆಕ್ಕ ಬೇರೆ. ತೋಟದಲ್ಲೇ ಹುರಿದು, ಪ್ಯಾಕೆಟ್ ಮಾಡಿ, ತಮ್ಮ ಹೆಸರಲ್ಲೇ ಯುರೋಪಿಗೆ ಕಳಿಸಬೇಕು ಅಂತ ಬರುವ ಹುಡುಗರು ಈಗ ಚಿಕ್ಕಮಗಳೂರಿನಲ್ಲಿ ಸಾಕಷ್ಟಿದ್ದಾರೆ. ಪ್ಯಾಕೆಟ್ಟಿನ ವಿನ್ಯಾಸ, ಲೋಗೋ ಎಲ್ಲ ತಯಾರಿರುತ್ತದೆ. ಅವರಿಗೆ ನಾನು ಮೊದಲು ತೋರಿಸುವುದು ಆ ಸುಂಕದ ಪಟ್ಟಿ. ಅದನ್ನು ನೋಡಿದ ಮೇಲೂ ಲೆಕ್ಕ ಕೂಡಿದರೆ ಉಳಿದ ಕಾಗದಪತ್ರ ಅಷ್ಟೇನೂ ಕಷ್ಟವಲ್ಲ.