ಸೊಪ್ಪಿನ ಬೆಟ್ಟ ಖಾಲಿಯಾದ ಮೇಲೆ: ಅಕಿಟಾದ ಕರಡಿಗಳು ಊರಿಗಿಳಿದ ಕಥೆ

2025ರ ನವೆಂಬರ್‌ನಲ್ಲಿ ಉತ್ತರ ಜಪಾನಿನ ಅಕಿಟಾ ಪ್ರಾಂತ್ಯಕ್ಕೆ ಸೈನಿಕರು ಬಂದಿಳಿದರು. ಭೂಕಂಪವೋ ಪ್ರವಾಹವೋ ಆಗಿರಲಿಲ್ಲ. ಕರಡಿ ಹಿಡಿಯುವ ಬೋನು ಸಾಗಿಸಲು ಬಂದಿದ್ದರು. ದೂರದಲ್ಲಿ ಕೂತು ಓದಿದವರಿಗೆ ತಮಾಷೆ ಅನ್ನಿಸಿರಬಹುದು. ಆದರೆ ಆ ವರ್ಷ ಜಪಾನಿನಲ್ಲಿ ಕರಡಿ ದಾಳಿಗೆ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು.

ಅಕಿಟಾದ್ದು ಏಷ್ಯಾದ ಕಪ್ಪು ಕರಡಿ. ಕಾಶ್ಮೀರ, ಉತ್ತರಾಖಂಡದ ಬೆಟ್ಟಗಳಲ್ಲೂ ಇದೆ. ನಮ್ಮ ದರೋಜಿಯ ಕರಡಿ ಹುತ್ತ ಕೆದಕಿ ಗೆದ್ದಲು ತಿನ್ನುತ್ತದೆ. ಅಕಿಟಾದ ಕರಡಿಗೆ ಚಳಿಗಾಲದ ನಿದ್ದೆಗೆ ಮುಂಚೆ ಬೀಚ್, ಓಕ್ ಮರಗಳ ಕಾಯಿ ಹೊಟ್ಟೆ ತುಂಬ ಬೇಕು.

ಅಕಿಟಾ ಅಂದರೆ ಎಲ್ಲರೂ ಮೊದಲು ಹೇಳುವುದು ಮಟಾಗಿಗಳ ಕಥೆ. ಇವರು ಪರಂಪರೆಯ ಬೇಟೆಗಾರರು. ಕಾಡು ಹೊಕ್ಕ ಮೇಲೆ ಊರಿನ ಮಾತು ಆಡುವಂತಿಲ್ಲ, ಬೆಟ್ಟದ ಮಾತೇ ಬೇರೆ. ಸಿಕ್ಕ ಕರಡಿ ಬೆಟ್ಟದ ದೇವತೆ ಕೊಟ್ಟಿದ್ದು ಅಂತ ಲೆಕ್ಕ. ಅದರ ಪಿತ್ತಕೋಶ ಒಣಗಿಸಿ ಔಷಧಿ ಅಂತ ಊರೂರು ಸುತ್ತಿ ಮಾರುತ್ತಿದ್ದರು. ಕೇಳೋಕೆ ಚೆನ್ನಾಗಿದೆ. ಆದರೆ ಕರಡಿಯನ್ನು ಆಚೆ ಇಟ್ಟಿದ್ದು ಕೋವಿಗಿಂತ ಜಾಸ್ತಿ ಕತ್ತಿ, ಬುಟ್ಟಿ ಅಂತ ನನಗನ್ನಿಸುತ್ತದೆ.

ಊರಿಗೂ ದಟ್ಟ ಕಾಡಿಗೂ ನಡುವಿನ ಗುಡ್ಡವನ್ನು ಅಲ್ಲಿ ಸಟೋಯಾಮಾ ಅನ್ನುತ್ತಾರೆ. ಹೆಚ್ಚುಕಮ್ಮಿ ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟ ಅಂದುಕೊಳ್ಳಿ. ಸೌದೆ, ದರಗು, ದನಕ್ಕೆ ಹುಲ್ಲು, ಸುಟ್ಟು ಮಾರಲು ಇದ್ದಿಲು, ಎಲ್ಲ ಅಲ್ಲಿಂದಲೇ. ದಿನಾ ಯಾರಾದರೊಬ್ಬರು ಅಲ್ಲಿ ಇದ್ದೇ ಇರುತ್ತಿದ್ದರು. ಜೊತೆಗೆ ನಾಯಿ, ಇದ್ದಿಲ ಗೂಡಿನ ಹೊಗೆ. ಪೊದೆ ಬೆಳೆಯಲು ಪುರುಸೊತ್ತೇ ಇರಲಿಲ್ಲ. ಬಯಲು ದಾಟಲು ಕರಡಿ ಹಿಂಜರಿಯುತ್ತದೆ. ಬೇಲಿ ಹಾಕದೆಯೇ ಬೇಲಿ ಇತ್ತು.

1950–60ರ ದಶಕದಲ್ಲಿ ಗ್ಯಾಸ್, ಸೀಮೆಎಣ್ಣೆ, ರಾಸಾಯನಿಕ ಗೊಬ್ಬರ ಬಂದವು. ಸೌದೆ ಹೊರುವ ಕಷ್ಟ ತಪ್ಪಿತು ಅಂತ ಹೆಂಗಸರು ನಿಟ್ಟುಸಿರು ಬಿಟ್ಟಿರಬೇಕು, ಅದನ್ನು ತಪ್ಪು ಅನ್ನೋದು ಹೇಗೆ? ಹಳೆ ಕಾಡು ಕಡಿದು ಎಷ್ಟೋ ಕಡೆ ಸುಗಿ ಅನ್ನುವ ಸೂಜಿಯೆಲೆ ಮರದ ನೆಡುತೋಪು ಮಾಡಿದರು. ಅದರಲ್ಲಿ ಕರಡಿ ತಿನ್ನುವಂಥ ಕಾಯಿ ಬಿಡುವುದಿಲ್ಲ. ಮುಂದೆ ಹೊರದೇಶದ ಮರ ಅಗ್ಗವಾಯಿತು, ತೋಪುಗಳನ್ನು ಕೇಳುವವರಿಲ್ಲವಾದರು. ಹುಡುಗರು ಟೋಕಿಯೊ ಸೇರಿದರು. 1956ರ ಹೊತ್ತಿಗೆ ಸುಮಾರು 13.5 ಲಕ್ಷ ಜನರಿದ್ದ ಅಕಿಟಾದಲ್ಲಿ ಈಗ 9 ಲಕ್ಷವೂ ಇಲ್ಲ. ಬೇಟೆ ಲೈಸೆನ್ಸ್ ಇರುವವರು ದೇಶದಲ್ಲೇ ಅರ್ಧಕ್ಕಿಂತ ಕಮ್ಮಿಯಾದರು, ಉಳಿದವರಲ್ಲೂ ಬಹಳಷ್ಟು ಜನ 60 ದಾಟಿದವರು.

2016ರಲ್ಲಿ ಅಕಿಟಾದ ಕಜುನೊ ಬಳಿ ಬಿದಿರಿನ ಕಳಲೆ ಕೀಳಲು ಹೋದ ನಾಲ್ವರನ್ನು ಕರಡಿ ಕೊಂದಿತು. ಆಗಲೂ ‘ಕಾಡಿಗೆ ಹೋಗಿದ್ಯಾಕೆ?’ ಅನ್ನಬಹುದಿತ್ತು. 2023ರಲ್ಲಿ ಬೀಚ್ ಕಾಯಿ ಕೈಕೊಟ್ಟಾಗ ಆ ಮಾತೂ ನಡೆಯಲಿಲ್ಲ. ಆ ಹಣಕಾಸು ವರ್ಷದಲ್ಲಿ ಜಪಾನಿನಲ್ಲಿ 219 ಜನರ ಮೇಲೆ ದಾಳಿ, 6 ಸಾವು. ಅಕಿಟಾ ಒಂದರಲ್ಲೇ ಗಾಯಗೊಂಡವರು 70. ಮಿಸಾಟೊ ಪಟ್ಟಣದಲ್ಲಿ ಚಾಪೆ ಹೆಣೆಯುವ ಕಾರ್ಖಾನೆಗೇ ತಾಯಿ, ಎರಡು ಮರಿ ನುಗ್ಗಿದವು. ಮೂರನ್ನೂ ಕೊಂದಾಗ ಕಚೇರಿಗಳಿಗೆ ಬೈಗುಳದ ಫೋನ್‌ಗಳ ಸುರಿಮಳೆ.

ಫೋನ್ ಮಾಡಿದವರ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಜಪಾನಿನದೇ ಕ್ಯೂಶು ದ್ವೀಪದಲ್ಲಿ ಈ ಕರಡಿ ಅಳಿದೇಹೋಗಿದೆ, ಶಿಕೊಕು ದ್ವೀಪದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಆದರೂ ಗುಂಡು ಹಾರಿಸುವ ಕಾನೂನು ಸಡಿಲವಾಯಿತು. 2025ರ ಸೆಪ್ಟೆಂಬರ್‌ನಿಂದ ತುರ್ತು ಸಂದರ್ಭದಲ್ಲಿ ಊರೊಳಗೂ ಗುಂಡು ಹಾರಿಸಬಹುದು.

ಈಗ ಹಳ್ಳಿಗಳಲ್ಲಿ ಕಾಕಿ ಮರ ಕಡಿಯುವ ಮಾತು ನಡೆದಿದೆ. ಕಾಕಿ ಅಂದರೆ ಪರ್ಸಿಮನ್. ಅಜ್ಜಿಯರು ಸಿಪ್ಪೆ ತೆಗೆದು ಸೂರಿನಡಿ ದಾರಕ್ಕೆ ಪೋಣಿಸಿ ಒಣಗಿಸುತ್ತಿದ್ದ ಹಣ್ಣು. ಕೊಯ್ಯುವವರಿಲ್ಲದೆ ಚಳಿಗಾಲದವರೆಗೂ ಕಿತ್ತಳೆ ಬಣ್ಣದಲ್ಲಿ ನೇತಾಡುತ್ತದೆ. ಕೊಂಬೆಗಳಲ್ಲಿ ಕರಡಿ ಹತ್ತಿದ ಉಗುರಿನ ಗೀರು. ಕಡಿಯಲು ಯಜಮಾನರ ಒಪ್ಪಿಗೆ ಬೇಕು. ಮನೆಗೆ ಬೀಗ ಹಾಕಿದೆ, ಯಜಮಾನರು ಊರು ಬಿಟ್ಟು ವರ್ಷಗಳಾಗಿವೆ.