ಕಬ್ಬಿಣದ ಮಾತ್ರೆ ಕೈಕೊಟ್ಟಾಗ

'ರಕ್ತ ಕಡಿಮೆ ಇದೆ' ಅಂತ ಡಾಕ್ಟರ್ ಹೇಳಿದರೆ ಸಾಕು, ಮನೆಮಂದಿಯೆಲ್ಲ ಸಲಹೆ ಕೊಡಲು ಶುರು ಮಾಡುತ್ತಾರೆ. ಬೀಟ್‌ರೂಟ್ ತಿನ್ನು, ದಾಳಿಂಬೆ ತಿನ್ನು, ಕಬ್ಬಿಣದ ಮಾತ್ರೆ ತಗೋ. ಎಷ್ಟೋ ಸಲ ಮಾತ್ರೆ ಕೆಲಸ ಮಾಡುತ್ತದೆ. ಮಾಡದಿದ್ದರೆ? ರಕ್ತಹೀನತೆಯಲ್ಲೂ ಬಗೆಗಳಿವೆ ಅಂತ ವೈದ್ಯರಿಗೆ ಗೊತ್ತಾಗಿದ್ದು ಹೀಗೆ ಒಂದೊಂದು ಔಷಧಿ ಕೈಕೊಟ್ಟಾಗಲೇ.

ಕಬ್ಬಿಣದ ಚಿಕಿತ್ಸೆ ಹಳೆಯದು. 1832ರಲ್ಲಿ ಫ್ರಾನ್ಸಿನ ವೈದ್ಯ ಪಿಯರ್ ಬ್ಲೋ ಕಬ್ಬಿಣದ ಸಲ್ಫೇಟ್ ಸೇರಿಸಿ ಮಾತ್ರೆ ಮಾಡಿದರು. ಬಿಳಿಚಿಕೊಂಡು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಹುಡುಗಿಯರು ಅದರಿಂದ ಚೇತರಿಸಿಕೊಂಡರು. ಆದರೆ ಕಬ್ಬಿಣ ಎಲ್ಲಿ ಸೋರಿಹೋಗುತ್ತಿದೆ ಅಂತಲೂ ನೋಡಬೇಕಲ್ವಾ? ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವುದು, ಮೇಲಿಂದ ಮೇಲೆ ಬಸಿರು, ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ಹೀಗೆ ದಾರಿ ಹಲವು. 1880ರಲ್ಲಿ ಸ್ವಿಟ್ಜರ್ಲೆಂಡಿನ ಗೊಟಾರ್ಡ್ ಸುರಂಗ ತೋಡುತ್ತಿದ್ದ ಕೂಲಿಗಳು ಒಬ್ಬರ ಹಿಂದೊಬ್ಬರು ಬಿಳಿಚಿಕೊಂಡು ಮಲಗಿದಾಗ ಅವರ ಕರುಳಲ್ಲಿ ಸಿಕ್ಕಿದ್ದು ಕೊಕ್ಕೆಹುಳು. ಬರಿಗಾಲಿನ ಚರ್ಮದಿಂದ ಒಳಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳು ಅದು. ಇಂದು ಶಾಲೆಗಳಲ್ಲಿ ಜಂತುಹುಳದ ಮಾತ್ರೆ ಕೊಡುವುದಕ್ಕೆ ಇದೂ ಒಂದು ಕಾರಣ.

ಕಬ್ಬಿಣಕ್ಕೆ ಜಗ್ಗದ ಇನ್ನೊಂದು ರಕ್ತಹೀನತೆ ಇತ್ತು. ಲಂಡನ್ನಿನ ಥಾಮಸ್ ಅಡಿಸನ್ 1849ರಲ್ಲೇ ಅದನ್ನು ವಿವರಿಸಿದ್ದರು. ಆ ರೋಗ ಬಂದವರು ಸಾಯುತ್ತಿದ್ದರು, ಅಷ್ಟೇ. 1926ರಲ್ಲಿ ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ರೋಗಿಗಳಿಗೆ ದಿನಾ ಲಿವರ್ ತಿನ್ನಿಸಿದರು. ರೋಗಿಗಳು ಉಳಿದರು! 1934ರಲ್ಲಿ, ಮೊದಲು ನಾಯಿಗಳ ಮೇಲೆ ಲಿವರ್ ಪ್ರಯೋಗ ಮಾಡಿದ್ದ ವಿಪಲ್ ಜೊತೆ ಅವರಿಬ್ಬರಿಗೂ ನೊಬೆಲ್ ಬಂತು. ಲಿವರಿನಲ್ಲಿದ್ದ ಆ ವಸ್ತು ಬಿ12 ಎಂಬ ವಿಟಮಿನ್ ಅಂತ ತಿಳಿದಿದ್ದು 1948ರಲ್ಲಿ.

ನನಗೆ ಇಷ್ಟವಾಗುವ ಭಾಗ ನಡೆದಿದ್ದು ಮುಂಬೈಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರಿಗೆ ವಿಪರೀತ ರಕ್ತಹೀನತೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳು ಅಡಿಸನ್ ಹೇಳಿದ ರೋಗದಲ್ಲಿ ಇರುವ ಹಾಗೆಯೇ ದಪ್ಪ ದಪ್ಪ. ಹಾಗಾದರೆ ಲಿವರ್‌ನಿಂದ ಶುದ್ಧೀಕರಿಸಿ ತೆಗೆದ ಔಷಧಿ ಕೊಟ್ಟರೆ ಆಯ್ತು ಅನಿಸುತ್ತದೆ. ಅದು ಕೆಲಸ ಮಾಡಲಿಲ್ಲ. ವಿಲ್ಸ್ ಈ ಹೆಂಗಸರು ಏನು ಉಣ್ಣುತ್ತಾರೆ ಅಂತ ವಿಚಾರಿಸಿದರು. ತರಕಾರಿ, ಹಣ್ಣು, ಹಾಲು ತೀರಾ ಕಡಿಮೆ. ಅದೇ ಬಗೆಯ ಊಟವನ್ನು ಇಲಿ, ಕೋತಿಗಳಿಗೆ ಕೊಟ್ಟು ನೋಡಿದರು. ಬಿಳಿಚಿಕೊಂಡ ಕೋತಿ ಕೊನೆಗೆ ಚೇತರಿಸಿಕೊಂಡಿದ್ದು ಮಾರ್ಮೈಟ್‌ನಿಂದ. ಬಿಯರ್ ತಯಾರಿಕೆಯಲ್ಲಿ ಮಿಗುವ ಯೀಸ್ಟಿನಿಂದ ಮಾಡಿ ಬ್ರೆಡ್ಡಿಗೆ ಸವರಿಕೊಳ್ಳುವ ಅಗ್ಗದ ಪದಾರ್ಥ! ಬಸುರಿಯರಿಗೂ ಅದು ಹಿಡಿಯಿತು. 1931ರಲ್ಲಿ ವಿಲ್ಸ್ ಈ ವಿಷಯ ಪ್ರಕಟಿಸಿದರು.

ಯೀಸ್ಟಿನಲ್ಲಿದ್ದ ಆ ವಸ್ತುವೇ ಫೋಲಿಕ್ ಆಮ್ಲ (ಫೋಲೇಟ್) ಎಂಬ ಇನ್ನೊಂದು ವಿಟಮಿನ್. 1941ರಲ್ಲಿ ಅಮೆರಿಕದಲ್ಲಿ ಟನ್‌ಗಟ್ಟಲೆ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ನ್ಯೂಯಾರ್ಕ್ ರಾಜ್ಯದ ಲೆಡರ್ಲೆ ಪ್ರಯೋಗಾಲಯದಲ್ಲಿ 1945ರಲ್ಲಿ ಅದನ್ನು ತಯಾರಿಸಿತು. ಈಗ ಬಸುರಿಯರಿಗೆ ಆಶಾ ಕಾರ್ಯಕರ್ತೆ ತಂದುಕೊಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇರುವುದು ಇದೇ.

ಇಲ್ಲೊಂದು ತೊಡಕಿದೆ. ಬಿ12 ಕೊರತೆ ಇದ್ದವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತದ ರಿಪೋರ್ಟ್ ಸುಧಾರಿಸುತ್ತದೆ, ನರಗಳು ಮಾತ್ರ ಹಾಳಾಗುತ್ತಲೇ ಹೋಗುತ್ತವೆ. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಸಸ್ಯಾಹಾರಿಗಳಿಗೆ ಕಾಲು ಜೋಮು ಹಿಡಿಯುತ್ತಿದ್ದರೆ, ಸುಸ್ತು ಜಾಸ್ತಿಯಾಗಿದ್ದರೆ ಸುಮ್ನೆ ಟಾನಿಕ್ ಕುಡಿಯುತ್ತ ಕೂರಬಾರದು.

ರಕ್ತಕಣಗಳನ್ನು ಎಣಿಸಿ ಅಳೆಯುವ ಸಿಬಿಸಿ ಪರೀಕ್ಷೆಯ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಜೊತೆಗೆ ಎಂಸಿವಿ ಅಂತ ಒಂದು ಸಾಲು ಇರುತ್ತದೆ. ಕೆಂಪು ಕಣದ ಸರಾಸರಿ ಗಾತ್ರ ಅದು. 80ಕ್ಕಿಂತ ಕಡಿಮೆ ಇದ್ದರೆ ಮೊದಲ ಅನುಮಾನ ಕಬ್ಬಿಣದ ಮೇಲೆ. 100 ದಾಟಿದರೆ ಬಿ12, ಫೋಲಿಕ್ ಆಮ್ಲದ ಕಡೆ ನೋಡುತ್ತಾರೆ. ಎರಡೂ ಬಗೆಯ ಕೊರತೆ ಒಟ್ಟಿಗಿದ್ದರೆ ಸರಾಸರಿ ನಾರ್ಮಲ್ ಆಗಿ ಕಂಡು ಮೋಸ ಮಾಡುವುದೂ ಉಂಟು. ಕಿಡ್ನಿ ತೊಂದರೆ, ದೀರ್ಘಕಾಲದ ಕಾಯಿಲೆಗಳಿಂದ ಬರುವ ರಕ್ತಹೀನತೆಯಲ್ಲೂ ಕಣಗಳ ಗಾತ್ರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಊಟಕ್ಕೆ ಸಂಬಂಧವೇ ಇಲ್ಲದ ಬಗೆಗಳೂ ಇವೆ. ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೀಮಿಯಾ ಹುಟ್ಟಿನಿಂದ ಬರುವಂಥದ್ದು. ಅದರ ವಾಹಕರಲ್ಲೂ, ಅಂದರೆ ಒಬ್ಬ ತಂದೆ ಅಥವಾ ತಾಯಿಯಿಂದ ಮಾತ್ರ ಆ ದೋಷ ಪಡೆದವರಲ್ಲೂ, ಕಣ ಚಿಕ್ಕದಾಗಿರುವುದರಿಂದ ಕಬ್ಬಿಣದ ಕೊರತೆ ಅಂತ ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು. ಪದೇಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ಮಕ್ಕಳ ಮೈಯಲ್ಲಂತೂ ಕಬ್ಬಿಣ ಮಿತಿಮೀರಿ ಸೇರಿಕೊಳ್ಳುತ್ತದೆ. ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದಲೇ ಬರುವ ಕುಡುಗೋಲು ಕಣದ ರೋಗವನ್ನು 1910ರಲ್ಲಿ ಶಿಕಾಗೊದಲ್ಲಿ ಗುರುತಿಸಿದರು. 1952ರಲ್ಲಿ ನಮ್ಮ ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲಿ ಅದು ಕಂಡಿತು. ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲೂ ಇದೆ. ಇದರ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರಲ್ಲಿ ಅಭಿಯಾನ ಶುರು ಮಾಡಿದೆ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಸರ್ಕಾರಿ ಯೋಜನೆಗಳು 1970ರಿಂದಲೂ ನೆಚ್ಚಿಕೊಂಡಿರುವುದು ಹೆಚ್ಚಾಗಿ ಕಬ್ಬಿಣ–ಫೋಲಿಕ್ ಮಾತ್ರೆಯನ್ನೇ. 2018ರಲ್ಲಿ 'ಅನೀಮಿಯಾ ಮುಕ್ತ ಭಾರತ' ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15–49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 53 ಇತ್ತು. ಆ ಸಮೀಕ್ಷೆಯವರು ಬೆರಳು ಚುಚ್ಚಿ ನೋಡಿದ್ದು ಹಿಮೋಗ್ಲೋಬಿನ್ ಮಾತ್ರ, ಯಾವ ಬಗೆ ಅಂತ ಅಲ್ಲ. ಮಕ್ಕಳು, ಹದಿಹರೆಯದವರ ರಕ್ತದಲ್ಲಿ ಕಬ್ಬಿಣ, ಬಿ12, ಫೋಲೇಟ್ ಎಲ್ಲವನ್ನೂ ಅಳೆದ 2016–18ರ ಪೋಷಣೆ ಸಮೀಕ್ಷೆ ಬೇರೆಯೇ ಚಿತ್ರ ಕೊಟ್ಟಿತು. ರಕ್ತಹೀನತೆ ಇದ್ದ ಎಷ್ಟೋ ಮಕ್ಕಳಲ್ಲಿ ಕಬ್ಬಿಣದ ಕೊರತೆಯೇ ಇರಲಿಲ್ಲ.